ಅತ್ತೆ ಎರಡು ತಿಂದ್ರು

ಅಕ್ಟೋಬರ್ 23, ಗುರುವಾರ

ನಮ್ಮೂರು ಬೇಗೂರಲ್ಲಿ ಇಳಿಯೋ ಹೊತ್ತಿಗೆ ಸಂಜೆ ಏಳು. ಬಸ್ಸಲ್ಲಿ ಸೀಟಿಲ್ಲ. ಒಂದು ಕೈಲಿ ಕಂಬಿ, ಇನ್ನೊಂದ್ರಲ್ಲಿ ಡಬ್ಬಿ. ಗೌರಿ ಹಬ್ಬಕ್ಕೆ ಒಬ್ಬಟ್ಟು ಹಾಕಿ ಶಿವಲಕ್ಷ್ಮಿಗೆ ಕೊಟ್ಟಿದ್ದು. ಇವತ್ತು ಆಫೀಸಲ್ಲಿ ವಾಪಸ್ ಬಂತು — ತುಂಬ ಕಜ್ಜಾಯ. ಖಾಲಿ ಡಬ್ಬಿ ಹಿಂದಕ್ಕೆ ಕೊಡಬಾರ್ದು ಅನ್ನೋದು ಅವಳವ್ವನ ಕಾನೂನು. ಅದಕ್ಕೇ ದೀಪಾವಳಿವರೆಗೂ ಅವರ ಮನೇಲೇ ಕೂತಿತ್ತು.

ಅಡುಗೆಮನೇಲಿ ಇಟ್ಟು ಕೈಕಾಲು ತೊಳ್ಕೊಂಡು ಬಂದೆ. ಅತ್ತೆ ಮುಚ್ಚಳ ತೆಗ್ದು ನಿಂತಿದ್ರು.

“ಯಾರ ಮನೇದು?”

“ನಮ್ಮಾಫೀಸು ಶಿವಲಕ್ಷ್ಮಿ ಕೊಟ್ಲು. ನಮ್ಮ ಹೊಲದಲ್ಲಿ ಕಳೆ ತೆಗೀತಿದ್ರಲ್ಲ ಚಿಕ್ಕನಿಂಗಮ್ಮ, ಅವರ ಮಗಳು.”

“ಕೇರಿ ನಿಂಗಿ ಮಗಳಾ?”

ಅಷ್ಟೇ. ಹಿತ್ತಲಿಗೆ ಹೋಗಿ ಕಲಗಚ್ಚಿನ ಬಾನಿಗೆ ಸುರಿದ್ರು. ಹಸು ತಿಂತು. ನಾನು... ಸಾರಿಗೆ ಒಗ್ಗರಣೆ ಹಾಕ್ದೆ. ಥೂ, ನನ್ನ ಜನ್ಮಕ್ಕೆ.

ಅಕ್ಟೋಬರ್ 24

“ನಾಗಕ್ಕ, ಹೆಂಗಿತ್ತು?” ನಾನು ಕುರ್ಚೀಲಿ ಕೂತೂ ಇಲ್ಲ, ಶಿವಲಕ್ಷ್ಮಿ ಕೇಳೇಬಿಟ್ಲು.

ದಿನಾ ಮಧ್ಯಾಹ್ನ ಅವಳ ಡಬ್ಬಿಗೆ ಕೈ ಹಾಕಿ ತಿನ್ನೋಳು ನಾನು. ಏನಂತ ಹೇಳ್ಲಿ?

“ಸೂಪರ್! ನಮ್ಮತ್ತೇನೇ ಎರಡು ತಿಂದ್ರು.”

ಅತ್ತೇನ ಯಾಕೆ ಎಳ್ಕೊಂಡು ಬಂದೆನೋ. ಬಾಯಿಗೆ ಬಂದ್ಬುಡ್ತು.

ಅಕ್ಟೋಬರ್ 27

ಶಿವಲಕ್ಷ್ಮಿ ಮನೇಲಿ ಹೇಳ್ಬುಟ್ಟಿದ್ದಾಳೆ! “ನಮ್ಮವ್ವ ಅತ್ಬುಟ್ಟಳು ಕಣಕ್ಕ. ನಿಮ್ಮತ್ತೆ ಹೆಸರು ಹಿಡ್ದು, ಮಲ್ಲಮ್ನೋರು ನನ್ ಕೈದು ತಿಂದ್ರಾ, ದಿಟವಾ ಅಂತ ಮೂರು ಸಲ ಕೇಳ್ದಳು.”

ನಮ್ಮ ಹಿತ್ತಲಲ್ಲಿ ಸೆರಗೊಡ್ಡಿ, ಮೇಲಿಂದ ಹಾಕಿದ್ದನ್ನ ಈಸ್ಕೊಂಡೋಳು ಆಕೆ. ಹಬ್ಬಹಬ್ಬಕ್ಕೂ. ಕೊಡೋಕೆ ನಮಗೆ ಯಾವತ್ತೂ ತೊಂದ್ರೆ ಇಲ್ಲ. ಈಸ್ಕೊಳ್ಳೋಕೇ ಬರಲ್ಲ.

ಜನವರಿ 12

ಇಷ್ಟು ದಿನ ಒಂದಕ್ಷರ ಬರೀಲಿಲ್ಲ. ಮನಸ್ಸಾಗಲಿಲ್ಲ.

ಈಗ ಮಗಳ ಜೊತೆ ಚಾಮರಾಜನಗರದಲ್ಲಿರೋ ಚಿಕ್ಕನಿಂಗಮ್ಮ ಸಂಕ್ರಾಂತಿಗೆ ನಮ್ಮನೆಗೆ ಬರ್ತಾರಂತೆ. ಹುಗ್ಗಿ ಮಾಡ್ಕೊಂಡು. ಮಲ್ಲಮ್ನೋರಿಗೆ ಕೈಯಾರೆ ಕೊಡ್ಬೇಕಂತೆ. ಬೇಡ ಅಂತ ಹೆಂಗನ್ಲಿ? ನಿಜ ಹೇಳಿದ್ರೆ ಶಿವಲಕ್ಷ್ಮಿ ಇನ್ನು ನನ್ನ ಮುಖ ನೋಡಲ್ಲ. ಹೇಳ್ದೆ ಇದ್ರೆ ಆ ಮುದುಕಿ ನಮ್ಮ ಬಾಗಿಲಲ್ಲಿ... ಅತ್ತೆ ಹತ್ರ ಬಾಯಿ ಬಿಡೋಕೂ ಭಯ.

ಜನವರಿ 15, ಸಂಕ್ರಾಂತಿ. ಮಧ್ಯಾಹ್ನ 1.30

ಬಂದ್ರು. ತಾಯಿ, ಮಗಳು. ಅತ್ತೆ ಜಗಲಿ ಮೇಲೆ ಕೂತಿದ್ರು.

ಚಿಕ್ಕನಿಂಗಮ್ಮ ಅಂಗಳದಲ್ಲೇ ನಿಂತು, “ಅವ್ವಾರೆ, ನನ್ ಕಜ್ಜಾಯ ಎಲ್ಡು ತಿಂದ್ರಂತೆ?”

ಅತ್ತೆ ನನ್ನ ನೋಡಿದ್ರು.

“ಎರಡಲ್ಲ ಕಣೆ ನಿಂಗಿ, ಒಂದು. ನೀನು ಶುಂಠಿ ಜಾಸ್ತಿ ಹಾಕ್ಬುಟ್ಟಿದ್ದೆ.”

“ಊಂ ಕಣವ್ವಾ, ವಸಿ ಜಾಸ್ತಿ ಆಗೋಯ್ತು!” ಮುದುಕಿ ನಕ್ಕಳು.

ಶುಂಠಿ? ಹಾಗಾದ್ರೆ ತಿಂದಿದ್ರು! ಯಾರ ಮನೇದು ಅಂತ ಕೇಳೋ ಮುಂಚೆಯೋ, ಹಿತ್ತಲಲ್ಲಿ ಒಬ್ಬರೇ ಇದ್ದಾಗ್ಲೋ... ದೇವರೇ ಬಲ್ಲ. ಕೈ ಚಾಚಿ ಪಾತ್ರೆ ಈಸ್ಕೊಂಡ್ರು. ಅಲ್ಲೇ ಒಂದು ತುತ್ತು ಬಾಯಿಗೆ ಹಾಕ್ಕೊಂಡ್ರು. “ಒಳಕ್ ಬಾ, ಊಟ ಮಾಡನ” ಅಂದ್ರು. ಚಿಕ್ಕನಿಂಗಮ್ಮ ಹೊಸಿಲ ಹತ್ರ ಎಷ್ಟೋ ಹೊತ್ತು ನಿಂತು, ಆಮೇಲೆ ಬಂದ್ರು. ನನಗೂ ಅಳು ಬಂತು.

ಶಿವಲಕ್ಷ್ಮಿ ನಗ್ಲಿಲ್ಲ. ಮೆಲ್ಲಗೆ ಕೇಳಿದ್ಲು — “ಸೂಪರ್ ಅಂದ್ರಲ್ಲ ನಾಗಕ್ಕ. ಶುಂಠಿ ಜಾಸ್ತಿ ಆಗಿದ್ದು ನಿಮ್ಗೆ ಗೊತ್ತಾಗ್ನಿಲ್ವಾ?”

ಲೋಟ ತರ್ತೀನಿ ಅಂತ ರೂಮಿಗೆ ಬಂದ್ಬುಟ್ಟೆ. ನಾಲ್ಕು ಎಲೆ ಹಾಕಿದೀನಿ. ಮೂವರೂ ಕೂತಿದಾರೆ. ಅತ್ತೆ ಕೂಗ್ತಿದಾರೆ. ನನ್ನ ಎಲೆ ಶಿವಲಕ್ಷ್ಮಿ ಪಕ್ಕದಲ್ಲೇ. ಹೋಗಿ ಕೂತು ಅವಳಿಗೆ ಏನಂತ ಹೇಳ್ಲಿ?