ಅಮ್ಮ, ಇಲಿ

ಮಾರ್ಚ್ 4, ಸೋಮವಾರ. ಬೆಳಿಗ್ಗೆ, ಕಾರಲ್ಲಿ

...ನಿನ್ನೆ ರಾತ್ರಿನೂ ಅದೇ. ಧಡಕ್ಕನೆ ಎದ್ದು ಕೂತಳು. ಕಣ್ಣು ಪೂರ್ತಿ ತೆರೆದಿದೆ, ನನ್ನನ್ನೇ ನೋಡ್ತಿದ್ದಾಳೆ — ಆದ್ರೆ ನಾನು ಅವಳಿಗೆ ಕಾಣ್ತಿಲ್ಲ. ಒಂದೇ ಸಮ ಕಿರುಚಾಟ. "ಅಮ್ಮ ಇಲಿ, ಅಮ್ಮ ಇಲಿ, ಬೇಡ ಬೇಡ." ಎತ್ಕೊಳ್ಳೋಕೆ ಹೋದ್ರೆ ಒದೀತಾಳೆ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸ್ತಾಳೆ. ಆಮೇಲೆ ಸ್ವಿಚ್ ಆರಿಸಿದ ಹಾಗೆ ದಿಂಬಿನ ಮೇಲೆ ಬಿದ್ದು ನಿದ್ದೆ. ಬೆಳಿಗ್ಗೆ ಎದ್ರೆ ಏನೂ ನೆನಪಿಲ್ಲ ಪುಣ್ಯಾತ್ಗಿತ್ತಿಗೆ. ಬಿಸ್ಕತ್ತು ಚೀಪ್ತಾ ನನ್ನ ಮುಖ ನೋಡಿ ನಗು. ಕಣ್ಣುರಿ ನನಗೆ, ನಗು ಅವಳಿಗೆ.

ಮೊಮ್ಮಗಳು ಬಟಾಣಿ. ಎರಡು ತುಂಬಿ ಸ್ವಲ್ಪ ದಿನ ಆಯ್ತು. ಹುಟ್ಟಿದಾಗ ಅಷ್ಟೇ ಇದ್ದಳು, ಬಟಾಣಿ ಅಂದೆ, ಅದೇ ಉಳೀತು. ಮಗಳು ಅವಳನ್ನ ಕರ್ಕೊಂಡು ನಮ್ಮನೆಗೆ ಬಂದು ತಿಂಗಳಾಯ್ತು. ಗಂಡ ಹೆಂಡತಿ ಏನೋ ಮಾತಿಗೆ ಮಾತು ಬೆಳೆಸಿಕೊಂಡಿದ್ದಾರೆ. ಮಗಳದು ಕನ್ನಡಕದಂಗಡಿ ಕೆಲಸ, ದಿನಪೂರ್ತಿ ನಿಂತೇ ಇರಬೇಕು. ಹಾಗಾಗಿ ರಾತ್ರಿ ಮೊದಲ ಪಾಳಿ ನಂದು. ಬಟಾಣಿ ಹಾಸಿಗೆ ಹಾಲ್‌ನಲ್ಲಿ, ನನ್ನ ಮಂಚದ ಪಕ್ಕ.

ಬೆಳಿಗ್ಗೆ ಕಾಫಿ ಹೊತ್ತಿಗೆ ಇದನ್ನೆಲ್ಲ ಮನೆಯವಳಿಗೆ ವಿವರವಾಗಿ ಹೇಳ್ತಿದ್ದೆ. "ರೀ, ನಾನೂ ಅಲ್ಲೇ ಇದ್ದೆ. ಫೋನಿಗೆ ಹೇಳ್ಕೊಳ್ಳಿ, ಅದಕ್ಕೆ ಕಿವಿ ನೋಯಲ್ಲ" ಅಂದಳು. ಸರಿ ತಾಯಿ. ರೆಕಾರ್ಡ್ ಒತ್ತಿದ್ದೀನಿ. ಫೋನೇ, ಕೇಳಿಸ್ಕೋ.

ಮೊದಲು ಆ ಇಲಿನ ಹಿಡೀಬೇಕು.

ಮಾರ್ಚ್ 5, ಮಂಗಳವಾರ

ಬೋನು ತಂದೆ. ಅಂಟಿನ ಹಾಳೆನೂ ತಂದೆ. ಅಂಗಡಿಯವನು ಕೇಳ್ತಾನೆ, "ಸಾರ್, ದೊಡ್ಡಿಲಿನೋ ಸುಂಡಿಲಿನೋ?" ಅಂತ. ನಾನೇನು ಪರಿಚಯ ಮಾಡ್ಕೊಂಡಿದ್ದೀನಾ? ಎರಡಕ್ಕೂ ಕೊಡು ಅಂದೆ. ಅಟ್ಟದ ಸಾಮಾನು ಇಳಿಸಿ, ಅಕ್ಕಿ ಡಬ್ಬ ಸರಿಸಿ, ಬೀರು ಎಳೆದು... ಒಂದು ಹಿಕ್ಕೆ ಇಲ್ಲ. ಮನೆಯವಳು ಪೊರಕೆ ಹಿಡ್ಕೊಂಡು ಹಿಂದೆ ಹಿಂದೆ. ಕೊನೆಗೆ ಅಂಟಿನ ಹಾಳೆಗೆ ಸಿಕ್ಕಿಬಿದ್ದಿದ್ದು ನನ್ನ ಎಡಗಾಲಿನ ಚಪ್ಪಲಿ.

ಮಗಳು ಬಾಗಿಲಲ್ಲಿ ನಿಂತು ನೋಡ್ತಿದ್ದಳು. ನಗ್ಲಿಲ್ಲ. "ಅಪ್ಪ, ಇಲಿ ಇಲ್ಲ ಅನ್ಸುತ್ತೆ" ಅಂದಳು. ಇಲ್ದೇ ಮಗು ಹಾಗೆ ಹೆದರುತ್ತಾ ಅಂತ ಶುರು ಮಾಡಿದೆ... ಹಳೇ ಮನೇಲಿ ಇಲಿ ನನ್ನ ಸೋಪು ತಿಂದಿದ್ದು, ಅದು ಇದು... ತಿರುಗಿ ನೋಡಿದ್ರೆ ಅವಳು ಒಳಗೆ ಹೋಗಿಯಾಗಿತ್ತು.

ಬಟಾಣಿ ಮಾತ್ರ ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ತಾತ, ಬಾಲೆಅಣ್ಣು ಇಡು" ಅಂತಾಳೆ. ಬಾಳೆಹಣ್ಣು ಬಾಲೆಅಣ್ಣು. ಮಳೆ ಮಲೆ. ಬೆಳಿಗ್ಗೆ ಬೆಲಿಗ್ಗೆ. ಕೇಳ್ತಾ ಕೂತ್ರೆ ಕೆಲಸಕ್ಕೆ ಹೋಗೋಕೇ ಮನಸ್ಸು ಬರಲ್ಲ.

ಬೋನಿಗೆ ಅಷ್ಟು ಹತ್ತಿರ ಕೂತಳಲ್ಲ. ಹೆದರಿಕೆನೇ ಇಲ್ಲ. ಹಗಲು ಹೊತ್ತು ಧೈರ್ಯ ಇರುತ್ತೆ ಅಂತ ಅಂದ್ಕೊಂಡೆ.

ಮಾರ್ಚ್ 7, ಗುರುವಾರ

ಮಕ್ಕಳ ಡಾಕ್ಟರ ಹತ್ರ ಹೋಗಿದ್ವಿ. ಹೆಂಗಸು, ಚಿಕ್ಕ ವಯಸ್ಸು, ಮಾತು ಕಮ್ಮಿ. ಇದು ಕೆಟ್ಟ ಕನಸಲ್ಲ, ಗಾಢ ನಿದ್ದೆಯಲ್ಲೇ ಬರೋ ಭಯ ಅಂದ್ರು. ಮಗು ಎದ್ದ ಹಾಗೆ ಕಾಣುತ್ತೆ, ಎದ್ದಿರಲ್ಲ. ಎಬ್ಬಿಸಬೇಡಿ. ಅಲ್ಲಾಡಿಸಬೇಡಿ. ಲೈಟ್ ಹಾಕಬೇಡಿ. ಬೀಳದ ಹಾಗೆ ನೋಡ್ಕೊಂಡು ಪಕ್ಕದಲ್ಲಿ ಸುಮ್ಮನೆ ಕೂತಿರಿ, ತಾನಾಗೇ ಮಲಗುತ್ತೆ. ರಾತ್ರಿ ಬೇಗ ಮಲಗಿಸಿ, ಸುಸ್ತಾಗೋಕೆ ಬಿಡಬೇಡಿ.

"ಸಮಾಧಾನದ ಮಾತು ಹೇಳಬಹುದಲ್ವಾ?" ಅಂದೆ.

"ಕಡಿಮೆ ಹೇಳಿ" ಅಂದ್ರು.

ಮನೆಯವಳು ಕಿಸಕ್ಕನೆ ನಕ್ಕಳು.

ಆಮೇಲೆ ಡಾಕ್ಟರು ಮಗಳ ಕಡೆ ತಿರುಗಿ, "ಮನೇಲಿ ಮಗು ಹೆದರೋವಂಥದ್ದು ಏನಾದ್ರೂ ಆಯ್ತಾ ಇತ್ತೀಚೆಗೆ?" ಅಂತ ಕೇಳಿದ್ರು. ಏನಿಲ್ಲ ಡಾಕ್ಟ್ರೇ, ನಮ್ಮದು ಒಳ್ಳೇ ಮನೆ, ಅಳಿಯನೂ ಬಂಗಾರ, ಇವಳೇ ತವರಿಗೆ ಬಂದಿದ್ದಾಳೆ, ಸಣ್ಣ ಪುಟ್ಟದ್ದು ಯಾರ ಮನೇಲಿಲ್ಲ ಅಂತ ಎಲ್ಲಾ ಬಿಡಿಸಿ ಹೇಳಿದೆ. ಡಾಕ್ಟರು ನನ್ನ ಮಾತು ಮುಗಿಯೋತನಕ ಮಗಳನ್ನೇ ನೋಡ್ತಿದ್ರು. ಅವಳು ಬಟಾಣಿ ಷೂ ದಾರ ಕಟ್ತಾನೇ ಇದ್ದಳು.

ಮಾರ್ಚ್ 11, ಸೋಮವಾರ. ಮಧ್ಯಾಹ್ನ

ಸುಮ್ಮನೆ ಕೂತಿರೋದು. ನೋಡಿ, ನನ್ನ ಕಸುಬೇ ಅದು. ಡ್ರೈವಿಂಗ್ ಕಲಿಸೋನು ನಾನು. ಪಕ್ಕದ ಸೀಟಲ್ಲಿ ಕೂತಿರಬೇಕು, ಸ್ಟೇರಿಂಗ್ ಮುಟ್ಟಬಾರದು. ನನ್ನ ಕಾಲ ಹತ್ರ ಒಂದು ಬ್ರೇಕ್ ಇದೆ, ಅದನ್ನ ಗಂಡಾಂತರ ಬಂದಾಗ ಮಾತ್ರ ಒತ್ತಬೇಕು. ಪ್ರತಿ ಸಲ ಒತ್ತಿದ್ರೆ ಅವರು ಜನ್ಮದಲ್ಲಿ ಕಲಿಯಲ್ಲ. ಕಾಲು ಅದರ ಮೇಲೆ ಇಟ್ಕೊಂಡು ಒತ್ತದೇ ಇರೋದು — ಅದೇ ವಿದ್ಯೆ. ಬಾಯಿ ಮಾತ್ರ ಓಡ್ತಿರುತ್ತೆ ನಂದು. ಈಗ ಬಾಯಿಗೂ ಬ್ರೇಕ್.

ನಿನ್ನೆ ರಾತ್ರಿ ಕೂತೆ. ದಿಂಬುಗಳನ್ನ ಗೋಡೆ ಹಾಗೆ ಜೋಡಿಸಿ, ಅವಳ ಪಕ್ಕ, ನೆಲದ ಮೇಲೆ. ಕಿರುಚಿದಳು, ಅತ್ತಳು, "ಅಮ್ಮ ಇಲಿ." ತುಟಿ ಕಚ್ಚಿಕೊಂಡು ಕೂತೆ. ತಾನಾಗೇ ಮಲಗಿದಳು. ಮಲಗೋವಾಗ ನನ್ನ ಹೆಬ್ಬೆರಳು ಹಿಡ್ಕೊಂಡಿದ್ದಳು. ಗೊತ್ತಿಲ್ದೇನೇ ಹಿಡ್ಕೊಂಡಿರಬಹುದು. ಇರಲಿ. ಬೆಳಗಿನ ತನಕ ಬೆರಳು ತೆಗೀಲಿಲ್ಲ ನಾನು.

ಭಾನುವಾರ ಮಗಳು, ಬಟಾಣಿ ವಾಪಸ್ ಹೊರಡ್ತಾರೆ. ಅಳಿಯನ ಕಡೆಯ ಹಿರಿಯರು ಬಂದಿದ್ರು, ಕೂತು ಮಾತಾಡಿದ್ವಿ. ಮಾತಾಡಿದ್ವಿ ಅಂದ್ರೆ... ನಾನೇ ಜಾಸ್ತಿ ಮಾತಾಡಿದ್ದು. "ಭಾನುವಾರ ಕಾರ್ ತಗೊಂಡು ಬರಲಿ, ಕಳಿಸ್ತೀನಿ" ಅಂತ ಎಲ್ಲರೆದುರು ಮಾತು ಕೊಟ್ಟೆ. ಹುಡುಗ ಒಳ್ಳೆಯವನು. ಅವನಿಗೆ ಕಾರು ಕಲಿಸಿದ್ದೂ ನಾನೇ, ಮದುವೆಯಾದ ಹೊಸದರಲ್ಲಿ. ಎಷ್ಟು ನಯವಾಗಿ ನಿಲ್ಲಿಸ್ತಾನೆ ಅಂದ್ರೆ, ತುಂಬಿದ ಲೋಟ ಡ್ಯಾಶ್‌ಬೋರ್ಡ್ ಮೇಲಿಟ್ರೂ ತುಳುಕಲ್ಲ. ಅಂಥವನ ಕೈ ಮನೇಲೂ ನಯವಾಗೇ ಇರುತ್ತೆ ಅಂತ ನಾನು ಎಲ್ಲರಿಗೂ ಹೇಳೋದು.

ಮಾರ್ಚ್ 14, ಗುರುವಾರ. ಸಂಜೆ, ಕಾರಲ್ಲಿ

ಕಾರು ನಿಲ್ಲಿಸಿದ್ದೀನಿ. ಮನೆಗೆ ಹೋಗೋಕಾಗ್ತಿಲ್ಲ. ಹೇಳ್ತೀನಿ, ಹೇಳ್ತೀನಿ.

ಇವತ್ತು ಮನೆಯವಳಿಗೆ ಕಣ್ಣು ಪರೀಕ್ಷೆ ಇತ್ತು, ಬಟಾಣಿನ ನನ್ನ ಜೊತೆ ಕರ್ಕೊಂಡು ಬಂದೆ. ಹಿಂದಿನ ಸೀಟಲ್ಲಿ, ಅವಳ ಕುರ್ಚಿಯಲ್ಲಿ ಬೆಲ್ಟ್ ಹಾಕಿ ಕೂರಿಸಿದ್ದೆ. ಕಲಿಯೋಕೆ ಬಂದಿದ್ದು ಕಾಲೇಜು ಹುಡುಗಿ, ಪಕ್ಕದ ಬೀದಿಯವಳು. ಏರಿನಲ್ಲಿ ಗಾಡಿ ಆಫ್ ಮಾಡಿದಳು. ಮತ್ತೆ ಆಫ್. ಹಿಂದಿನವರೆಲ್ಲ ಹಾರ್ನ್. ನನಗೂ ತಲೆ ಕೆಟ್ಟು, "ಇಳಿ, ಇಳಿ, ನಾನು ತಗೋತೀನಿ, ಇಳಿ" ಅಂದೆ ಜೋರಾಗಿ.

ಹಿಂದೆ ಕಿರುಚಾಟ.

ಹಗಲು! ಬಟಾಣಿ ಪೂರ್ತಿ ಎಚ್ಚರ ಇದ್ದಾಳೆ. ಬೆಲ್ಟಿಗೆ ಜಗ್ತಿದ್ದಾಳೆ, ಬಾಗಿಲ ಕಡೆ ಕೈ ಚಾಚಿ, "ಅಮ್ಮ ಇಲಿ ಬೇಡ, ಅಮ್ಮ ಇಲಿ ಬೇಡ!"

ನಾನು... ನಾನೆಂಥ ದಡ್ಡ ನೋಡಿ. ಸೀಟ್ ಕೆಳಗೆ ಬಗ್ಗಿ ಇಲಿ ಹುಡುಕಿದೆ.

ಆ ಹುಡುಗಿ ಮೆಲ್ಲಗೆ ಅಂದಳು, "ಅಂಕಲ್, ಅವಳು ಇಲಿ ಅಂತಿಲ್ಲ. ನೀವಂದಿದ್ದನ್ನೇ ಅಂತಿದ್ದಾಳೆ."

ಬಾಲೆಅಣ್ಣು. ಮಲೆ. ಬೆಲಿಗ್ಗೆ. ಇಷ್ಟು ದಿನ ನಕ್ಕಿದ್ದೀನಿ, ಊರಿಗೆಲ್ಲ ಹೇಳ್ಕೊಂಡು ನಕ್ಕಿದ್ದೀನಿ. ಇದೊಂದು ಪದ ತಲೆಗೆ ಹೋಗ್ಲಿಲ್ಲ.

ಅಮ್ಮ, ಇಲಿ ಅಲ್ಲ. ಅಮ್ಮ ಇಳಿಯೋದು ಬೇಡ.

ಅಮ್ಮನ್ನ ಯಾರು ಇಳಿಸಿದ್ದು?

ಅದೇ ದಿನ, ರಾತ್ರಿ

ಮಗಳು ಬಟ್ಟೆ ಮಡಚಿ ಸೂಟ್‌ಕೇಸಿಗೆ ಇಡ್ತಿದ್ದಳು. ಕೇಳಿದೆ. ಅವಳ ಕೈ ನಿಲ್ಲಲಿಲ್ಲ. ಬಟಾಣಿ ಅಂಗಿ ಮೇಲಿನ ಸುಕ್ಕು ತೀಡ್ತಾ ತೀಡ್ತಾ, ಸಾಮಾನಿನ ರೇಟ್ ಹೇಳೋ ಥರ ಹೇಳಿದಳು.

"ಮಾತಿಗೆ ಮಾತು ಬಂದ್ರೆ ಕಾರು ನಿಲ್ಲಿಸ್ತಾನೆ. ಇಳಿ ಅಂತಾನೆ. ಇಳಿದ ಮೇಲೆ ಹೊರಟ್ಹೋಗ್ತಾನೆ."

"ಎಲ್ಲಿ?"

"ಎಲ್ಲಾದ್ರೂ. ಒಂದ್ಸಲ ಸೇತುವೆ ಮೇಲೆ. ಒಂದ್ಸಲ ಹೈವೇಲಿ. ಸುತ್ತು ಹೊಡ್ಕೊಂಡು ವಾಪಸ್ ಬರ್ತಾನೆ ಕೆಲವು ಸಲ. ಕೆಲವು ಸಲ ಬರಲ್ಲ."

"ಮಗು?"

"ಹಿಂದಿನ ಸೀಟಲ್ಲೇ ಇರ್ತಾಳಲ್ಲಪ್ಪ. ಗಾಜಿಗೆ ಮುಖ ಒತ್ಕೊಂಡು."

"ಹೊಡೀತಾನಾ?"

"ಇಲ್ಲ. ಕೈ ಎತ್ತಲ್ಲ. ಇಂಡಿಕೇಟರ್ ಹಾಕಿ, ಎಡಕ್ಕೆ ತಗೊಂಡು, ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ಇಳಿ ಅಂತಾನೆ. ನೀನು ಕಲಿಸಿದ ಹಾಗೇ."

ನನಗ್ಯಾಕೆ ಹೇಳ್ಲಿಲ್ಲ ಅಂದೆ.

ಆಗ ಕೈ ನಿಂತಿತು. ತಲೆ ಎತ್ತಿದಳು. "ಹೇಳೋಕೆ ಬಂದೆ. ನೀನು ಮಾತಾಡ್ತಿದ್ದೆ."

ಹೋಗಬೇಡ ಅಂದೆ. ನಾನು ನೋಡ್ಕೋತೀನಿ, ಹಿರಿಯರನ್ನ ಮತ್ತೆ ಕರೆಸ್ತೀನಿ ಅಂದೆ. ಸೂಟ್‌ಕೇಸ್ ಮುಚ್ಚಿದಳು. "ನಾನು ಹೋಗದಿದ್ರೆ ಅವನು ಮಗಳನ್ನ ಕರ್ಕೊಂಡು ಹೋಗ್ತಾನೆ. ಆ ಕಾರಲ್ಲಿ ಅವಳೊಬ್ಬಳೇ ಕೂತಿರೋದು ನನಗೆ ಬೇಡ. ಮತ್ತೆ... ಮಾತು ಕೊಟ್ಟಿದ್ದು ನೀನು."

ಮಾರ್ಚ್ 18, ಸೋಮವಾರ

ಮೂರು ದಿನ ಈ ಫೋನ್ ಮುಟ್ಟಲಿಲ್ಲ. ಅಳಿಯನಿಗೆ ಏನು ಹೇಳಬೇಕು ಅಂತ ಬಾಯಲ್ಲೇ ಪಾಠ ಮಾಡ್ಕೊಂಡೆ. ಸ್ನಾನದ ಮನೇಲಿ, ಕಾರಲ್ಲಿ. ಮೊದಲು ಮರ್ಯಾದೆಯಿಂದ ಶುರು ಮಾಡೋದು, ಆಮೇಲೆ ನ್ಯಾಯ, ಕೊನೇಲಿ ಗಟ್ಟಿಯಾಗಿ ಎರಡು ಮಾತು. ಚೆನ್ನಾಗೇ ಕೂತಿತ್ತು.

ನಿನ್ನೆ ಬಂದ. ಗೇಟಿಗೆ ಸರಿಯಾಗಿ, ಒಂದು ಕಲ್ಲು ಕಿರ್ ಅನ್ನದ ಹಾಗೆ ನಿಲ್ಲಿಸಿದ. "ಮಾವ, ಸೊರಗಿದ್ದೀರಲ್ಲ, ನಿದ್ದೆ ಇಲ್ವಾ?" ಅಂತ ನಕ್ಕ. ಬಟಾಣಿನ ಹಿಂದೆ ಕೂರಿಸಿ ಬೆಲ್ಟ್ ಹಾಕಿದ. ಮಗಳು ಅವಳ ಪಕ್ಕ ಕೂತಳು. ಮನೆಯವಳು ನನ್ನ ಮುಖ ನೋಡಿದಳು — ಹೇಳ್ರೀ ಅನ್ನೋ ಹಾಗೆ. ಜೀವಮಾನದಲ್ಲಿ ಮೊದಲ ಸಲ.

ಡ್ರೈವರ್ ಕಡೆಯ ಕಿಟಕಿ ಹತ್ರ ಹೋದೆ. ಬಾಯಿ ತೆಗೆದೆ.

ಪಾಠ ಮಾಡಿದ್ದು ಒಂದೂ ಬರಲಿಲ್ಲ. ಮರ್ಯಾದೆ ಇಲ್ಲ, ನ್ಯಾಯ ಇಲ್ಲ. ಇಡೀ ಬಾಯಲ್ಲಿ ಒಂದೇ ಒಂದು ಪದ ಉಳಿದಿತ್ತು.

"ಇಳಿ."

"ಏನ್ ಮಾವ?"

"ಇಳಿಯೋ! ಕಾರಿಂದ ಇಳಿ!" ಬೀದಿಗೆಲ್ಲ ಕೇಳೋ ಹಾಗೆ. ಬಾನೆಟ್ ಮೇಲೆ ಗುದ್ದಿದೆ. "ಇಳಿ!"

ಅವನು ಅಲ್ಲಾಡಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ, ಹೆಂಗೆ ಹಿಡೀಬೇಕೋ ಹಂಗೆ. ಹಿಂದೆ ಬಟಾಣಿ ಶುರು ಮಾಡಿದಳು. ಅದೇ ಕಿರುಚಾಟ, ರಾತ್ರೀದು. ಅಪ್ಪನ ಕಡೆ ನೋಡ್ತಿರಲಿಲ್ಲ ಅವಳು. ನನ್ನ ಕಡೆ.

ಇಳಿದಿದ್ದು ಯಾರು ಗೊತ್ತಾ? ಮಗಳು. ಬೆಲ್ಟ್ ಬಿಚ್ಚಿ, ಮಗೂನ ಎದೆಗೆ ಅವುಚಿಕೊಂಡು, ಆ ಕಡೆಯ ಬಾಗಿಲಿಂದ ಇಳಿದು, ಯಾರ ಮುಖನೂ ನೋಡದೆ ಒಳಗೆ ಹೋದಳು.

"ನೋಡಿ ಮಾವ, ಎಲ್ಲರೂ ನೋಡಿದ್ದಾರೆ" ಅಂದ ಅವನು, ಮೆಲ್ಲಗೆ. "ನಾನಂತೂ ಏನೂ ಅನ್ನಲಿಲ್ಲ. ಇಳಿ ಅಂದಿದ್ದು ನೀವು."

ಕನ್ನಡಿ ನೋಡಿದ. ಇಂಡಿಕೇಟರ್ ಹಾಕಿದ. ಹೋದ.

ಮಾರ್ಚ್ 23, ಶನಿವಾರ

ಲಾಯರ್ ಹತ್ರ ಹೋಗಿ ಬಂದ್ರು, ಮಗಳು ಮತ್ತೆ ಅವರಮ್ಮ. ನನ್ನನ್ನ ಕರೀಲಿಲ್ಲ. "ನೀವು ಬಂದ್ರೆ ಅವಳಿಗೆ ಮಾತಾಡೋಕೆ ಆಗಲ್ಲರೀ" ಅಂದಳು ಮನೆಯವಳು. ಬೈದಿದ್ದಲ್ಲ. ಹವಾಮಾನ ಹೇಳೋ ಹಾಗೆ ಹೇಳಿದ್ದು.

ಬಟಾಣಿ ಹಾಸಿಗೆ ಹಾಲ್‌ನಿಂದ ಹೋಯ್ತು. ರೂಮಿನ ಒಳಗೆ, ಅಮ್ಮನ ಪಕ್ಕ. ರಾತ್ರಿ ಈಗಲೂ ಏಳ್ತಾಳೆ. ಹಾಸಿಗೆ ಬದಲಾದ ದಿನ ಅಭ್ಯಾಸಬಲ, ಓಡಿಹೋಗಿ ಪಕ್ಕದಲ್ಲಿ ಕೂತೆ. ಬಾಯಿ ಬಿಡಲಿಲ್ಲ, ಆಣೆಗೂ ಬಿಡಲಿಲ್ಲ. ಆದ್ರೂ ಗೋಡೆಗೆ ಅಂಟ್ಕೊಂಡು ನನ್ನ ಕಡೆ ಬೆರಳು ತೋರಿಸಿದಳು. "ತಾತ ಇಲಿ. ತಾತ ಇಲಿ."

"ಅಪ್ಪ, ಆಚೆ ಇರು" ಅಂದಳು ಮಗಳು.

ಅಟ್ಟ ಎಲ್ಲ ಹುಡುಕಿದ್ದೆ. ಇಲಿ ಸಿಕ್ತು ನೋಡಿ ಕೊನೆಗೆ.

ಈಗ ಬಾಗಿಲ ಆಚೆ ಕೂತಿರ್ತೀನಿ. ಕಾಲು ಬ್ರೇಕ್ ಮೇಲಿದ್ದ ಹಾಗೆ. ಒಳಗೆ ಅವಳು ಅತ್ತು ಅತ್ತು ಸುಸ್ತಾಗಿ ಮಲಗೋದು ಕೇಳಿಸುತ್ತೆ. ಮಗಳು ಚೆನ್ನಾಗಿ ನೋಡ್ಕೋತಾಳೆ. ಒಂದು ಶಬ್ದ ಆಡಲ್ಲ. ಅವಳಿಗೆ ಸುಮ್ಮನಿರೋದು ಯಾರೂ ಕಲಿಸಬೇಕಾಗಿಲ್ಲ.

ಏಪ್ರಿಲ್ 2, ಮಂಗಳವಾರ. ಮಧ್ಯಾಹ್ನ, ಮನೆ ಮುಂದೆ ಕಾರಲ್ಲಿ

ಕಲಿಯೋರಿಗೆ ಈಗ ಆ ಪದ ಅನ್ನಲ್ಲ. "ಕೆಳಗೆ ಬನ್ನಿ" ಅಂತೀನಿ. "ಈಚೆ ಬಾಮ್ಮ" ಅಂತೀನಿ. ಕಾಲೇಜು ಹುಡುಗಿ ಬೇರೆ ಕಡೆ ಸೇರ್ಕೊಂಡಳಂತೆ. ಟೆಸ್ಟ್ ಆದ ಮೇಲೂ ಫೋನ್ ಮಾಡಲಿಲ್ಲ.

ಬಟಾಣಿ ಏಳೋದು ರಾತ್ರಿ ಎರಡು ಸಲ ಇದ್ದಿದ್ದು ಒಂದು ಸಲಕ್ಕೆ ಬಂದಿದೆ ಅಂದಳು ಮನೆಯವಳು. ನಿನ್ನೆ ಏಳಲೇ ಇಲ್ಲವಂತೆ. ಒಳ್ಳೇದಾಯ್ತು. ನಾನು ಮಾತ್ರ ಬಾಗಿಲ ಆಚೆ ಕೂತೇ ಇದ್ದೆ, ಯಾರೂ ಅಳಲಿಲ್ಲ.

ಅಗೋ, ಬಂದಳು. ಊಟಕ್ಕೆ ಕರೆಯೋಕೆ ಕಳಿಸಿರಬೇಕು ಅವರಜ್ಜಿ. ಒಂದೇ ಕಾಲಿಗೆ ಚಪ್ಪಲಿ. ಹಗಲು ಹೊತ್ತು ನನ್ನ ಹತ್ರ ಬರ್ತಾಳೆ, ಹಗಲು ನಾನು ತಾತನೇ. ಗಾಜು ತಟ್ತಿದ್ದಾಳೆ. ತಡಿ ತಡಿ, ಗಾಜು ಕೆಳಗೆ ಮಾಡ್ತೀನಿ... ಏನಮ್ಮ ಬಟಾಣಿ?

"ತಾತ. ಇಲಿ."

ನಗ್ತಿಲ್ಲ ಇವಳು. ಹುಬ್ಬು ಗಂಟು ಹಾಕಿ, ಬಾನೆಟ್ ಮೇಲೆ ಪುಟ್ಟ ಕೈಲಿ ಪಟ್ ಅಂತ ಹೊಡೀತಿದ್ದಾಳೆ. ಯಾರನ್ನ ನೋಡಿ ಕಲಿತಳೋ... ಗೊತ್ತು ನನಗೆ ಯಾರನ್ನ ಅಂತ.

"ಇಲಿ ತಾತ! ಇಲಿ!"

ಆಯ್ತು ಕಣೇ. ಹೊಡೀಬೇಡ, ಕೈ ಬಿಸಿ ಆಗುತ್ತೆ. ಬಂದೆ, ಇ—