ಬಳಸದ ಯಂತ್ರ ಒಂದೂ ಇರಕೂಡದು

ಫೆಬ್ರವರಿ 4, ಬೆಳಿಗ್ಗೆ

ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದೆ. ಎಂದಿನಂತೆ. ನಕ್ಷೆ ಬರೆಯುವ ಕೋಣೆಯಲ್ಲಿ ಯಾರೂ ಇಲ್ಲದೆ ದೀಪ ಉರಿಯುತ್ತಿತ್ತು. ಆರಿಸಿದೆ. ಮೀಸೆ, ನಮ್ಮ ಹಳೆಯ ಡ್ರಾಫ್ಟ್ಸ್‌ಮನ್, ಒಳಗೆ ಬಂದವನು ನನ್ನ ಮುಖ ನೋಡಿ, "ನಾನಲ್ಲಮ್ಮ" ಎಂದ. ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ. ಯಜಮಾನರು ತೀರಿಹೋದ ಮೇಲೆ ಸೇತುವೆ-ಕಟ್ಟಡಗಳ ನಕ್ಷೆ ಮಾಡುವ ಈ ಕಂಪನಿಯನ್ನು ನಡೆಸಿದ್ದು ಹೀಗೆಯೇ. ಓದಿದ್ದು ಹೈಸ್ಕೂಲು. ಅಷ್ಟೇ ಸಾಕಾಯಿತು.

ಈಗ ಕೈಗೆಟುಕದ ದೀಪಗಳಿವೆ. ಲೆಕ್ಕಾಚಾರಕ್ಕೆಂದು ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರ್ ಯಂತ್ರಗಳು. ಕ್ಲೌಡ್ ಅನ್ನುತ್ತಾರೆ. ಕೆಲಸ ಮುಗಿದರೂ ಓಡುತ್ತಲೇ ಇರುತ್ತವೆ, ಬಾಡಿಗೆ ಏರುತ್ತಲೇ ಇರುತ್ತದೆ. ಅವನ್ನು ನೋಡಿಕೊಳ್ಳಲು ಒಂದು ಎಐ ಏಜೆಂಟ್ ಇಡುತ್ತಾರಂತೆ, ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಪ್ರೋಗ್ರಾಂ. ಎಂಜಿನಿಯರ್ ಸೊಸೆಯ ಯೋಚನೆ. "ರಜೆ ಕೇಳದ ಮೇಸ್ತ್ರಿ, ಅಮ್ಮ" ಎಂದ ಮಗ.

ಫೆಬ್ರವರಿ 7

ಸೊಸೆ ಟೂಲ್‌ಗಳ ವಿವರಣೆ ಬರೆದು ತಂದಳು. ಏಜೆಂಟಿನ ಕೈಗೆ ಕೊಡುವ ಸಲಕರಣೆಗಳು — ಯಂತ್ರ ಶುರುಮಾಡುವುದು, ನಿಲ್ಲಿಸುವುದು, ಅಳಿಸುವುದು. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂದು ವಿವರಣೆ ಓದಿಯೇ ಅದು ತೀರ್ಮಾನಿಸುತ್ತದೆ. ಯಾವ ಭಾಷೆಯಾದರೂ ನಡೆಯುತ್ತದಂತೆ. ನನ್ನ ಕೆಂಪು ಪೆನ್ಸಿಲಿನ ಗುರುತು ಬೀಳದೆ ಈ ಆಫೀಸಿನಿಂದ ಒಂದು ಕಾಗದವೂ ಹೊರಗೆ ಹೋಗುವುದಿಲ್ಲ. ಇದೂ ಹಾಗೆಯೇ.

ಅಳಿಸುವುದೊಂದಕ್ಕೇ ಅರ್ಧ ಪುಟ!

"ಏನಮ್ಮ ಇದು, ಪುರಾಣ ಬರೆದಿದ್ದೀಯ?"

"ಅತ್ತೆ, ಅದಕ್ಕೆ ಬೇರೇನೂ ಗೊತ್ತಿರಲ್ಲ. ಇಲ್ಲಿ ಬರೆದಷ್ಟೇ ಗೊತ್ತು."

"ಮೀಸೆಗೆ ‘ಅದು ತಗೊಂಡು ಬಾ’ ಅಂದ್ರೆ ಯಾವುದು ಅಂತ ಕೇಳ್ತಾನಾ?"

"ಅವರು ನಿಮ್ಮ ಹುಬ್ಬು ನೋಡಿ ತಿಳ್ಕೋತಾರೆ. ಇದಕ್ಕೆ ನಿಮ್ಮ ಹುಬ್ಬು ಕಾಣಲ್ಲ."

ಮಗ ನಕ್ಕ. ಅವನ ಕಡೆ ನೋಡಿದೆ. ನಗು ನಿಂತಿತು. ಕಾಣಬೇಕಾದವರಿಗೆ ಕಾಣುತ್ತದೆ.

ಒಂದೊಂದೇ ಸಾಲು ಉಳಿಸಿದೆ. ‘ನಿಲ್ಲಿಸು — ಓಡುತ್ತಿರುವ ಯಂತ್ರವನ್ನು ನಿಲ್ಲಿಸುತ್ತದೆ. ಅಳಿಸು — ಬೇಡದ ಯಂತ್ರವನ್ನು ತೆಗೆದುಹಾಕುತ್ತದೆ.’ ಮಿಕ್ಕದ್ದಕ್ಕೆಲ್ಲ ಕೆಂಪು ಗೆರೆ. ಇಷ್ಟರಲ್ಲಿ ತಿಳಿಯದ್ದೇನಿದೆ? ಅವಳು ಕಾಗದ ಮಡಚಿಕೊಂಡು ಹೋದಳು.

ಫೆಬ್ರವರಿ 18

ಸೊಸೆಯ ತಾಯಿಗೆ ಆಪರೇಷನ್. ತವರಿಗೆ ಹೊರಟಳು. ಕೈಯಲ್ಲಿ ಒಂದು ಕಾಲುಸೇತುವೆಯ ವಿನ್ಯಾಸ ಇದೆ — ರೈಲು ಹಳಿ ದಾಟಿ ಶಾಲೆಗೆ ಹೋಗುವ ಮಕ್ಕಳಿಗಾಗಿ. ಅವಳ ಹೆಸರಿನಲ್ಲೇ ಬಂದ ಮೊದಲ ಕೆಲಸ. ತಿಂಗಳುಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದಾಳೆ.

"ಯಂತ್ರ ನಿಲ್ಲಿಸಿ ಹೋಗು" ಎಂದೆ.

"ನಿಲ್ಲಿಸಿದ್ದೀನಿ ಅತ್ತೆ. ಎಲ್ಲಾ ಅದರಲ್ಲೇ ಇದೆ. ಬಂದು ಮುಂದುವರಿಸ್ತೀನಿ, ಮುಂದಿನ ತಿಂಗಳು ಒಪ್ಪಿಸಬೇಕು."

ಹೇಳಿದ ಮಾತು ಕೇಳುತ್ತಾಳೆ. ಅವಳೆದುರು ಹಾಗೆನ್ನಬಾರದು, ತಲೆಗೇರುತ್ತದೆ.

ಫೆಬ್ರವರಿ 21, ಮಧ್ಯಾಹ್ನ

ಏಜೆಂಟಿಗೆ ಮೊದಲ ಆಜ್ಞೆ ನಾನೇ ಕೊಟ್ಟೆ. ಮಗ ಟೈಪ್ ಮಾಡಿದ. ಬಳಸದ ಯಂತ್ರ ಒಂದೂ ಇರಕೂಡದು.

"ಅಷ್ಟೇನಾ ಅಮ್ಮ?"

"ಅಷ್ಟೇ."

ಕಾಫಿ ಆರುವುದರೊಳಗೆ ‘ಮುಗಿಯಿತು’ ಎಂದು ಬಂತು. ಎದುರುತ್ತರವಿಲ್ಲ. ಮುಖ ಸಿಂಡರಿಸುವುದಿಲ್ಲ. ಇಂಥವರು ಮನೆಯಲ್ಲಿ ಇನ್ನಿಬ್ಬರು ಇದ್ದಿದ್ದರೆ...

ಮಾರ್ಚ್ 2

ಸೊಸೆ ಬಂದಳು. ಸೇತುವೆಯ ಯಂತ್ರ ಇಲ್ಲ.

ನಿಂತಿತ್ತು, ಆದ್ದರಿಂದ ಬಳಸದ್ದು. ಬಳಸದ್ದು, ಆದ್ದರಿಂದ ಬೇಡದ್ದು. ಏಜೆಂಟ್ ಅಳಿಸಿಬಿಟ್ಟಿದೆ. ಜೊತೆಗೆ ಅವಳ ಕೆಲಸವೆಲ್ಲ ಇದ್ದ ಡಿಸ್ಕ್. ನಕಲು ಇರಬೇಕಲ್ಲ ಎಂದೆ. ಇರುವುದು ಶುರುವಿನದು, ಕಂಬಗಳೂ ಏಳದಿದ್ದಾಗಿನದು.

ಏಜೆಂಟಿಗೆ ಬೈದು ಬರೆ ಎಂದೆ ಮಗನಿಗೆ.

"ಬೈದ್ರೆ ಕ್ಷಮೆ ಕೇಳುತ್ತೆ, ಅಮ್ಮ. ನಿನಗಿಂತ ಬೇಗ."

ನನ್ನ ಮಗ. ನನ್ನೆದುರು.

ಅದರ ತಪ್ಪಿಲ್ಲವಂತೆ. ನಾನು ಹೇಳಿದ್ದನ್ನೇ ಮಾಡಿದೆ. ಇಷ್ಟು ವರ್ಷಗಳಲ್ಲಿ ನಾನು ಹೇಳಿದಷ್ಟನ್ನೇ ಮಾಡಿದವರು ಒಬ್ಬರೂ ಇಲ್ಲ. ಎಲ್ಲರೂ ಒಂದಿಷ್ಟು ಬಿಟ್ಟರು, ಒಂದಿಷ್ಟು ಸೇರಿಸಿದರು. ಈ ಮನೆ ನಿಂತಿರುವುದೇ ಅದರಿಂದಲೋ ಏನೋ.

ಮಾರ್ಚ್ 3

ಆ ಅರ್ಧ ಪುಟವನ್ನು ಸೊಸೆ ನನ್ನ ಮೇಜಿನ ಮೇಲೆ ಇಟ್ಟಳು. ಕೆಂಪು ಗೆರೆಯ ಅಡಿಯಲ್ಲೂ ಓದಲು ಬರುತ್ತದೆ. ‘ನಿಂತಿರುವ ಯಂತ್ರ ಬೇಡವಾದದ್ದೆಂದು ತಿಳಿಯಬೇಡ. ಡಿಸ್ಕ್ ಕೂಡ ಹೋಗುತ್ತದೆ, ಮರಳಿ ಬಾರದು. ಅಳಿಸುವ ಮೊದಲು ಅದು ಯಾರದೋ ಅವರನ್ನು ಕೇಳು.’

ಕಿರುಚಿದ್ದರೆ ತಿರುಗಿ ಕಿರುಚುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು — "ಅದಕ್ಕೆ ಕೇಳೋದು ಗೊತ್ತಿರಲಿಲ್ಲ, ಸರಿ. ನೀವಾದ್ರೂ ಒಂದು ಫೋನ್ ಮಾಡಬಹುದಿತ್ತಲ್ಲ, ಅತ್ತೆ."

ನನಗೆ ಯಾರನ್ನೂ ಕೇಳಿ ಅಭ್ಯಾಸವಿಲ್ಲ ಎಂದೆ. ಹೌದು, ಹಾಗೆಯೇ ಎಂದೆ.

ಮಾರ್ಚ್ 14

ಹೊತ್ತಿಗೆ ಒಪ್ಪಿಸಲಾಗದೆ ಸೇತುವೆ ಬೇರೆ ಕಂಪನಿಯವರ ಪಾಲಾಯಿತು. ಸೊಸೆಯೂ ಅವರಲ್ಲೇ ಕೆಲಸಕ್ಕೆ ಸೇರಿದ್ದಾಳೆ. ಮನೆ ಬಿಟ್ಟಿಲ್ಲ. ಊಟಕ್ಕೆ ಎದುರಿಗೇ ಕೂರುತ್ತಾಳೆ. ಉಪ್ಪು ಕೇಳಿದರೆ ಕೊಡುತ್ತಾಳೆ. ಉಪ್ಪನ್ನಷ್ಟೇ.

ಆಫೀಸಿನಲ್ಲಿ ಅವಳ ಖಾಲಿ ಮೇಜಿನ ದೀಪ ಆರಿಸಲು ಮೀಸೆ ಹೋದ. "ಇರಲಿ ಬಿಡು" ಎಂದೆ. ನನ್ನ ಹುಬ್ಬು ನೋಡಿದ. ಏನೂ ತಿಳಿಯದೆ ಅಲ್ಲೇ ನಿಂತ.

ಮಾರ್ಚ್ 16, ಬೆಳಿಗ್ಗೆ

ಏಜೆಂಟನ್ನು ನಿಲ್ಲಿಸಿಟ್ಟಿದ್ದಾರೆ. ವಿವರಣೆ ಸರಿಯಾಗುವವರೆಗೆ. ಬರೆಯುವವರು ಯಾರು? ಮಗನಿಗೆ ಕೈ ಓಡದು. ನಾನೇ ಬರೆಯುತ್ತೇನೆ ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಅಳಿಸು — ಈ ಟೂಲ್ ಯಂತ್ರವನ್ನೂ ಅದರೊಳಗಿರುವುದನ್ನೂ ಅಳಿಸುತ್ತದೆ. ಅಳಿಸಿದ್ದು ಮರಳಿ ಬರುವುದಿಲ್ಲ, ಆಜ್ಞೆ ಕೊಟ್ಟವರು ಎಷ್ಟೇ ದೊಡ್ಡವರಾಗಿರಲಿ. ಸುಮ್ಮನೆ ನಿಂತಿರುವುದನ್ನು ಬೇಡವಾದದ್ದು ಎಂದುಕೊಳ್ಳಬೇಡ. ಹಿರಿಯರ ಮಾತಿಗೆ ಬೆಲೆ ಕೊಟ್ಟು ಯಾರೋ ನಿಲ್ಲಿಸಿ ಹೋಗಿರುತ್ತಾರೆ. ಅವರನ್ನು ಕೇಳು. ಕೇಳುವುದು ಹೇಗೆಂದರೆ, ಮೊದಲು —