ಇಪ್ಪತ್ತೇಳು ಶಿಲುಬೆಗಳ ಮೇಲೆ

ಪ್ರಾಗ್, ಜೂನ್ 14, ಗುರುವಾರ

ಬಲಗೈ ಊದಿಕೊಂಡಿದೆ, ಅಕ್ಷರಗಳು ಸೊಟ್ಟಗಾಗುತ್ತಿವೆ.

ಇಪ್ಪತ್ತೆರಡು ವರ್ಷಗಳಿಂದ ಪ್ರವಾಸಿಗರನ್ನು ಹಳೇ ಪೇಟೆಯ ಗಡಿಯಾರದ ಹತ್ತಿರ ನಿಲ್ಲಿಸಿ ಒಂದೇ ಕಥೆ ಹೇಳುತ್ತಿದ್ದೇನೆ. ನಾನೂರು ವರ್ಷಗಳ ಹಿಂದೆ ಇಲ್ಲೇ ಒಂದು ಬೆಳಿಗ್ಗೆ, ರಾಜನ ವಿರುದ್ಧ ದಂಗೆ ಎದ್ದ ಇಪ್ಪತ್ತೇಳು ಜನರನ್ನು ಕೊಂದರು, ಅದಕ್ಕೇ ನೆಲದ ಕಲ್ಲಿನಲ್ಲಿ ಇಪ್ಪತ್ತೇಳು ಬಿಳಿ ಶಿಲುಬೆಗಳು. ಕತ್ತಿಯ ಮಾತು ಬಂದಾಗ ತುಸು ತಡೆಯುತ್ತೇನೆ, ಅವರು ಉಸಿರು ಬಿಗಿಹಿಡಿಯಲಿ ಎಂದು. ನಾವು ಊರಿನವರು ಆ ಶಿಲುಬೆಗಳನ್ನು ತುಳಿಯುವುದಿಲ್ಲ.

ಇಂದು ಮೂರು ಗಂಟೆಗೆ ಗಡಿಯಾರದಲ್ಲಿ ಗಂಟೆಗೊಮ್ಮೆ ನಡೆಯುವ ಬೊಂಬೆಗಳ ಆಟ ಮುಗಿಯುವಷ್ಟರಲ್ಲಿ ಒಬ್ಬ ಕುಡುಕ ಶಿಲುಬೆಗಳ ಮೇಲೆ ಬಿಯರ್ ಸುರಿದು ಕುಣಿಯತೊಡಗಿದ. ನಮ್ಮ ಹಿರಿಯ ಗೈಡ್ ಬೊಹುಮಿಲ್ ಹತ್ತಿರ ಹೋದರು.

"ಪಕ್ಕಕ್ಕೆ ಬಾರಪ್ಪ, ಸತ್ತೋರ ಮೇಲೆ ನಿಂತಿದೀಯ."

"ಸತ್ತೋರೇ ಸುಮ್ನಿದಾರೆ, ನಿಂಗ್ಯಾಕೆ ತಾತ ಉರಿ?" ಎಂದವನೇ ಮುಖಕ್ಕೆ ಗುದ್ದಿದ. ಬೊಹುಮಿಲ್ ಬಿದ್ದರು, ತುಟಿ ಹರಿಯಿತು.

ಗುಂಪಿಗೆ ದಾರಿ ತೋರಿಸುವ ನನ್ನ ಹಳದಿ ಕೊಡೆಯ ಮರದ ಹಿಡಿಯಿಂದ ಅವನ ಬಾಯಿಗೆ ಹೊಡೆದೆ. ಹಲ್ಲು ಮುರಿದ ಸದ್ದು ಕೇಳಿತು, ಆದರೂ ಹೊಡೆದೆ. ಅವನು ಕೈ ಅಡ್ಡ ಹಿಡಿದು ಕುಸಿದ ಮೇಲೂ ಹೊಡೆದೆ. ಹಿತವಾಗಿತ್ತು. ಅದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ನನ್ನ ಗುಂಪಿನ ಹೆಂಗಸೊಬ್ಬಳು ಫೋನಿನಲ್ಲಿ ಚಿತ್ರ ತೆಗೆಯುತ್ತಲೇ ಕೇಳಿದಳು, "ಇದೂ ಪ್ರತಿ ಗಂಟೆಗೂ ಇರುತ್ತಾ ಮೇಡಂ?"

ನೆಲದ ಮೇಲಿಂದ ಬೊಹುಮಿಲ್ ರಕ್ತ ಉಗುಳುತ್ತ ಮೆಲ್ಲಗೆ ಅಂದರು, "ವ್ಲಾಸ್ತಾ, ಕಾಲು ತೆಗಿಯಮ್ಮ. ನೀನೂ ಅವರ ಮೇಲೇ ನಿಂತಿದೀಯ."

ಪೊಲೀಸರು ನಾಳೆ ಬರಹೇಳಿದ್ದಾರೆ. ಬೂಟು ತೊಳೆಯಬೇಕು, ಮುಟ್ಟಲು ಮನಸ್ಸೇ ಬರುತ್ತಿಲ್ಲ.